ಸಡಿಲ ಬೆಣೆ

ರಾಟಿಯನ್ನು ಎದೆಗವಚಿಕೊಂಡು, ಅಳುತ್ತ ಕೂತ ಹೆಂಗಸರ ನಡುವೆ ದಾರಿ ಮಾಡಿಕೊಂಡು ಕಸ್ತೂರೆಮ್ಮ ಪಡಸಾಲೆಗೆ ಬಂದಳು.

"ಇದನ್ನೂ ಅವರ ಜೊತಿ ಗುಣಿಯಾಗ ಇಡ್ರಿ."

ಗೋಡೆಗೆ ಒರಗಿಸಿ ಕೂಡಿಸಿದ್ದ ಅವಳ ಗಂಡ ಹಂಪಣ್ಣನ ಹಣೆಗೆ ವಿಭೂತಿ ಹಚ್ಚುತ್ತಿದ್ದ ಅಯ್ಯನವರು ಕೈ ತಡೆದರು. ನಸುಕಿನಲ್ಲಿ ಎದೆನೋವೆಂದು ಕೂತವನು ಹಂಪಣ್ಣ, ಮತ್ತೆ ಎದ್ದಿರಲಿಲ್ಲ.

"ಏನವ್ವ ಇದು?"

"ಉಲ್ಲನ್ ಸುತ್ತೂ ರಾಟಿರೀ. ಅದರ ಮ್ಯಾಗ ಅವರಿಗೆ ಭಾಳ ಜೀವ ಇತ್ತು. ಕೆಟ್ಟಾಗೆಲ್ಲ ತಾವ ಹೊತಗೊಂಡು ರಿಪೇರಿಗೆ ಓಡ್ತಿದ್ರು."

ನಾಲ್ಕು ಬಿದಿರು ದಬ್ಬೆ, ನಡುವೆ ಒಂದು ಗೂಟ, ದಬ್ಬೆಗಳ ತುದಿಗೆ ನಿಲ್ಲಿಸಿದ ಕಡ್ಡಿಗಳು. ರಾಟಿಯೆಂದರೆ ಅಷ್ಟೇ. ಕಡ್ಡಿಗಳಿಗೆ ಲಡಿ, ಅಂದರೆ ಉಲ್ಲನ್ ನೂಲಿನ ಸುರುಳಿ, ಹಾಕಿ ಎಳೆ ಜಗ್ಗಿದರೆ ಗರಗರ ತಿರುಗಿ ನೂಲು ಬಿಟ್ಟುಕೊಡುತ್ತಿತ್ತು. ಜಗ್ಗಿದವರು ಉಂಡೆ ಸುತ್ತಿಕೊಳ್ಳಬೇಕು.

ಹಂಪಣ್ಣನ ಅಕ್ಕ ವೀರಭದ್ರಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ಕಸ್ತೂರಿ, ಒಳಗ ನಡಿ. ಬಿದಿರಿನ ಸಾಮಾನು ಇಟ್ಟು ಮಣ್ಣು ಮಾಡಿದ್ರ ಮಂದಿ ನಗತಾರ."

"ಮಂದಿ ನಕ್ಕಿದ್ದು ಸಾಲಂಗಿಲ್ಲೇನ್ರಿ ಅಕ್ಕಾರ?"

*

ಮಸ್ಕಿಯಂಥ ಬಿಸಿಲೂರಿನಲ್ಲಿ ಉಲ್ಲನ್ ಹೆಣೆಯುವವಳು ಕಸ್ತೂರೆಮ್ಮ ಒಬ್ಬಳೇ. ಓಣಿಯಲ್ಲಿ ಹುಟ್ಟಿದ ಕೂಸುಗಳಿಗೆಲ್ಲ ಅವಳದೇ ಕುಲಾವಿ, ಅವಳದೇ ಕಾಲುಚೀಲ. ಲಿಂಗಸುಗೂರಿನಿಂದ ತಂದ ಲಡಿಯನ್ನು ಉಂಡೆ ಮಾಡಲು ಎದುರಿಗೆ ಯಾರಾದರೂ ಅದನ್ನು ಎರಡೂ ಮುಂಗೈಗೆ ಹಾಕಿಸಿಕೊಂಡು ಕೈ ಚಾಚಿ ಹಿಡಿಯಬೇಕಿತ್ತು. ಮಕ್ಕಳಿಲ್ಲದ ಮನೆ. ಹಂಪಣ್ಣನೇ ಹಿಡಿಯುತ್ತಿದ್ದ, ಕಿರಾಣಿ ಅಂಗಡಿಯ ಗಾದಿಯ ಮೇಲೆ ಕೂತೇ.

"ಸಾವ್ಕಾರ್ರ, ಬೆಲ್ಲ."

"ಕೈ ಖಾಲಿ ಇಲ್ಲೋ. ನೀನ ತೂಗಿಕೋ."

ಎಂಬತ್ತನಾಲ್ಕರ ಬೇಸಿಗೆಯಲ್ಲೊಮ್ಮೆ ಪಾಮನಕಲ್ಲೂರಿನ ಗಿಡ್ಡಪ್ಪ ಸಂತೆ ಮುಗಿಸಿ ಬಂದವನು ಅಂಗಡಿಯ ಮುಂದೆ ನಿಂತುಬಿಟ್ಟ. "ಏನ್ರಿ ಸಾವ್ಕಾರ್ರ, ಪೊಲೀಸ್ರು ಹಾಕೂ ಬೇಡಿ ಮನಿಯಾಕಿನ ಹಾಕ್ಯಾಳಲ್ಲ! ಜಾಮೀನು ಕೊಡ್ಲೇನು?"

ಅಂಗಡಿಯೆಲ್ಲ ನಕ್ಕಿತು. ಹಂಪಣ್ಣನೂ ನಕ್ಕ. ಕಸ್ತೂರೆಮ್ಮ ತಲೆ ಎತ್ತಲಿಲ್ಲ.

ಮುಂದೆ ಒಂದು ಮದುವೆಗೆಂದು ಸಿಂಧನೂರಿಗೆ ಹೋದವಳು ಬಂಗಾಲಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿಗೂ ಹೋಗಿ, ಅಲ್ಲಿನ ಹೆಂಗಸೊಬ್ಬಳ ಹತ್ತಿರ ಅಗ್ಗಕ್ಕೆ ಸಿಕ್ಕ ಈ ರಾಟಿಯನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಳು.

"ಇನ್ನ ನಿಮ್ಮ ಕೈ ನಿಮಗ" ಎಂದಳು.

ಹಂಪಣ್ಣ ಅದನ್ನು ಒಮ್ಮೆ ತಿರುಗಿಸಿ ನೋಡಿದ. "ಚಲೋ ಐತಿ."

ಆದರೆ ರಾಟಿ ಬಾಳಲಿಲ್ಲ. ಲಡಿ ಅರ್ಧಕ್ಕೆ ಬರುವಷ್ಟರಲ್ಲಿ ಗೂಟದ ಬೆಣೆ ಕಳಚಿ ದಬ್ಬೆಗಳು ನೆಲಕ್ಕೆ ಬೀಳುತ್ತಿದ್ದವು. ಹಂಪಣ್ಣ ಅದನ್ನು ಹೊತ್ತು ಎದುರಿನ ಬಡಗಿ ದಸ್ತಗೀರ್‌ಸಾಬನ ಹತ್ತಿರ ಬಿಟ್ಟು ಬರುತ್ತಿದ್ದ. ರಿಪೇರಿಯಾಗಿ ಬರುವತನಕ ಮತ್ತೆ ಅವನ ಕೈಗಳೇ. ಬಂದ ಮೇಲೆ ಮತ್ತೆ ಬೆಣೆ ಕಳಚುತ್ತಿತ್ತು. "ದಸ್ತಗೀರಣ್ಣನ ಕೈಗುಣಾನ ಅಷ್ಟು. ಅವನ ಕಡೆ ಬಾಗಿಲಾ ಮಾತ್ರ ಮಾಡಿಸಬ್ಯಾಡ್ರಿ" ಎಂದು ಕಸ್ತೂರೆಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು.

*

ಮೆಟ್ಟಿಲ ಕೆಳಗೆ ನಿಂತಿದ್ದ ದಸ್ತಗೀರ್‌ಸಾಬ್ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡಿದ್ದ. ಹೆಗಲು ಕುಲುಕುತ್ತಿದ್ದವು. ಅಳುತ್ತಿದ್ದಾನೆಂದೇ ಎಲ್ಲರೂ ತಿಳಿದಿದ್ದರು.

"ಅದನ್ನ ಗುಣಿಯಾಗಿಟ್ರ ಹಂಪಣ್ಣ ಎದ್ದು ಬರ್ತಾನ್ರಿ ಅಯ್ಯನವರ."

"ಲೇ ದಸ್ತಗೀರ, ನಗೂ ಹೊತ್ತೇನೋ ಇದು?" ಎಂದಳು ವೀರಭದ್ರಮ್ಮ.

"ನಗಾಕತ್ತಿಲ್ಲಕ್ಕ." ಅವನು ಕಣ್ಣೊರೆಸಿಕೊಂಡ. "ಕಸ್ತೂರಕ್ಕ, ಒಂದು ಬೆಣಿ ಬಡ್ಯಾಕ ಬರಲಾರದ ಬಡಿಗ್ಯಾನೇನವ್ವ ನಾನು? ಮೊದಲನೇ ಸಲಾನ ಜಾಲಿ ಕಟಗಿದು ಹಾಕಿ ಗಟ್ಟಿ ಮಾಡಿದ್ದೆ. ಮರುದಿನಾನ ಹಂಪಣ್ಣ ಹೊಳ್ಳಿ ತಂದ. 'ತಗಿ ಇದನ್ನ, ಅರ್ಧ ಲಡಿಗೆ ಬೀಳೂ ಹಂಗ ಸಡ್ಲ ಬೆಣಿ ಹಾಕು' ಅಂದ. ಯಾಕೋ ಅಂದ್ರ, 'ರಾಟಿ ಬಂದಾಗಿಂದ ಆಕಿ ಒಳಗ ಕುಂತು ಸುತ್ತಾಕತ್ತಾಳ. ಆಕಿ ನನ್ನ ಎದುರಿಗೆ ಕುಂದರೂದು ಅದೊಂದ ಹೊತ್ತಿತ್ತು' ಅಂದ. ನೀ ಊರೆಲ್ಲ ನನ್ನ ಹೆಸರು ಕೆಡಿಸಿದಿ. ಅವ ದೇವರ ಆಣಿ ಹಾಕಿಸಿಕೊಂಡಿದ್ದ, ನಾ ತುಟಿ ಬಿಚ್ಚಲಿಲ್ಲ."

ಕಸ್ತೂರೆಮ್ಮ ರಾಟಿಯ ಬೆಣೆಯನ್ನು ಬೆರಳಿನಿಂದ ಅಲುಗಿಸಿ ನೋಡಿದಳು.

"ಮಂದಿ ಅಷ್ಟು ನಗತಿದ್ರಲ್ಲಣ್ಣ?"

"ನಗಲಿ ಬಿಡು ಅಂತಿದ್ದ. ನಗಾಕ ಬಂದವ್ರು ಬೆಲ್ಲಾ ಒಯ್ತಾರ ಅಂತಿದ್ದ."

ಅವಳು ರಾಟಿಯನ್ನು ಹೊಸ್ತಿಲ ಬದಿಗೆ ಇಟ್ಟು ಒಳಗೆ ಹೋದಳು. ಬರುವಾಗ ಕೈಯಲ್ಲಿ ಒಂದು ಗುಲಾಬಿ ಲಡಿ ಇತ್ತು. ಗಂಡನ ಎದುರಿಗೆ ಕಾಲು ಮಡಚಿ ಕೂತಳು.

"ಏನ್ ಮಾಡಾಕತ್ತೀಬೇ?" ವೀರಭದ್ರಮ್ಮ ಅವಳ ರಟ್ಟೆ ಹಿಡಿದಳು.

ಹೆಣವನ್ನು ಕೂಡಿಸಿ ಒಯ್ಯಲು ಅಂಗಳದಲ್ಲಿ ಬಿದಿರು ಕಟ್ಟುತ್ತಿದ್ದವರತ್ತ ಅಯ್ಯನವರು ನೋಡಿದರು. "ಬಿಡವ್ವ ಆಕಿನ್ನ. ವಿಮಾನ ಇನ್ನಾ ಕಟ್ಟಾಕತ್ತಾರ. ಅಷ್ಟರಾಗ ಸುತ್ತಿಕೋ ತಾಯಿ."

ಕಸ್ತೂರೆಮ್ಮ ಲಡಿಯನ್ನು ಹಂಪಣ್ಣನ ಎರಡೂ ಮುಂಗೈಗಳಿಗೆ ಹಾಕಿದಳು. ದಸ್ತಗೀರ್‌ಸಾಬ್ ಮೇಲೆ ಬಂದು, ಪಕ್ಕದಲ್ಲಿ ಮೊಣಕಾಲೂರಿ ಆ ಮೊಣಕೈಗಳನ್ನು ಎತ್ತಿ ಹಿಡಿದ. ಅವಳು ಎಳೆಯ ತುದಿ ಹುಡುಕಿ ಸುತ್ತತೊಡಗಿದಳು.

ಮೊದಲಾಗಿದ್ದರೆ ಎಳೆ ಹೋದತ್ತ ಆ ಕೈಗಳು ತಾವೇ ಬಾಗಿ ನೂಲು ಬಿಡುತ್ತಿದ್ದವು. ಈಗ ಬಾಗಲಿಲ್ಲ. ನೂಲು ಬಲ ಹೆಬ್ಬೆರಳಿಗೆ ಸಿಕ್ಕಿಕೊಂಡಿತು. ಕಸ್ತೂರೆಮ್ಮ ಜಗ್ಗಲಿಲ್ಲ. ಎಳೆ ಹೋದತ್ತ ತಾನೇ ಬಾಗಿದಳು. ಎಡಕ್ಕೊಮ್ಮೆ, ಬಲಕ್ಕೊಮ್ಮೆ. ಅವಳ ರಟ್ಟೆ ಹಿಡಿದೇ ಕೂತಿದ್ದ ವೀರಭದ್ರಮ್ಮ ಬಾಯಿಗೆ ಸೆರಗೊತ್ತಿಕೊಂಡು, ತನಗರಿವಿಲ್ಲದೆ, ಅವಳ ಜೊತೆಗೇ ಬಾಗತೊಡಗಿದಳು.