ಬಾನೆಟ್ಟಿನ ಬಲಮೂಲೆ

"ಒಂದೇ ಒಂದು ಗೀರು ಬಿದ್ರೂ ಕೀಲಿ ನನ್ನ ಕೈಗೆ ವಾಪಸ್ ಬರ್ಬೇಕು," ಎಂದು ಜವಾದ್ ತಂಗಿ ರಬಾಬಳಿಗೆ ಹೇಳಿದ್ದು ಮನೆಯ ಮುಂಗೋಣೆಯಾದ ಮಜ್ಲಿಸ್‌ನ ಬಾಗಿಲಲ್ಲಿ ನಿಂತು, ಒಳಗೆ ಚಹಾ ಕುಡಿಯುತ್ತಿದ್ದ ಓಣಿಯ ಗಂಡಸರಿಗೆಲ್ಲ ಕೇಳುವಂತೆ. ಗಂಡಸರು ನಕ್ಕರು. ಹಾಗಾಗಿ ಆ ಮಾತು ಮನೆಯ ಮಾತಾಗಿ ಉಳಿಯಲಿಲ್ಲ.

ರಬಾಬ್ ಕೇಳಿದ್ದು ಸಣ್ಣ ಕಾರು. ಅವಳು ಪಾಠ ಹೇಳುತ್ತಿದ್ದ ಶಾಲೆ ಇದ್ದದ್ದು ಸೌದಿಯ ಹುಫೂಫ್‌ನ ಹೊರಗೆ, ಖರ್ಜೂರದ ತೋಟಗಳ ನಡುವಿನ ಹಳ್ಳಿಯಲ್ಲಿ. ಟೀಚರುಗಳನ್ನು ಒಯ್ಯುತ್ತಿದ್ದ ಬಾಡಿಗೆ ವ್ಯಾನು ನಿಂತುಹೋಗಿತ್ತು. ಕಾರಿಲ್ಲದಿದ್ದರೆ ಕೆಲಸವೂ ಇಲ್ಲ. ಜವಾದ್ ತಂದದ್ದು ಏಳು ಸೀಟಿನ, ಬಾನೆಟ್ಟು ಅವಳ ಎದೆಯ ಮಟ್ಟಕ್ಕೆ ಬರುವ ಕಾರು.

"ಸಣ್ಣ ಕಾರಲ್ಲಿ ಹೆಂಗಸು ಕಂಡ್ರೆ ಹಿಂದಿನವ್ರು ಹಾರ್ನ್ ಹೊಡೆದು ಸಾಯಿಸ್ತಾರೆ. ಇದನ್ನ ಕಂಡ್ರೆ ದಾರಿ ಬಿಡ್ತಾರೆ," ಎಂದ. ಗುರುವಾರ ಸಂಜೆ ಅವನ ಹೆಂಡತಿ ಮಕ್ಕಳೆಲ್ಲ ಇದರಲ್ಲೇ ಮಾವನ ಮನೆಗೆ ಹೋಗಬೇಕೆಂಬುದನ್ನು ಹೇಳಲಿಲ್ಲ.

ರಬಾಬ್ ಕಾರನ್ನು ಪಾಠದ ಹಾಗೆ ಕಲಿತಳು. ಶಾಲೆ ಬಿಟ್ಟ ಮೇಲೆ ಖಾಲಿ ಅಂಗಳದಲ್ಲಿ ಖರ್ಜೂರದ ಡಬ್ಬವೊಂದನ್ನು ಬಂಪರಿನ ಮುಂದಿಟ್ಟು ಸೀಟಿಗೆ ಬಂದು ಕೂರುತ್ತಿದ್ದಳು. ಡಬ್ಬ ಕಾಣುತ್ತಿರಲಿಲ್ಲ. ಇಳಿದು ಹೋಗಿ ಅದನ್ನು ಇನ್ನಷ್ಟು ಮುಂದೆ ಸರಿಸಿ ಮತ್ತೆ ಹತ್ತಿ ಕೂರುತ್ತಿದ್ದಳು. ಎಡಗಡೆ ಅದು ಬೇಗ ಕಂಡಿತು. ಸ್ಟೇರಿಂಗ್ ಎಡಕ್ಕಿದ್ದುದರಿಂದ ಬಲಮೂಲೆಯ ಮುಂದೆ ಮಾತ್ರ ಒಬ್ಬ ಮನುಷ್ಯ ಕಾಲು ಚಾಚಿ ಮಲಗಿದರೂ ಕಾಣದಷ್ಟು ನೆಲ ಮರೆಯಾಗುತ್ತಿತ್ತು. ಕೊನೆಗೆ ಮುಂದಿನ ಗಾಜಿನ ಕೆಳ ಅಂಚಿಗೆ, ಬಲಕ್ಕೆ, ನೀಲಿ ಟೇಪಿನ ಚೂರೊಂದನ್ನು ಅಂಟಿಸಿದಳು. ಎದುರಿಗಿರುವುದರ ಬುಡ ಟೇಪನ್ನು ಮುಟ್ಟಿ ಮರೆಯಾಯಿತೆಂದರೆ ಬಂಪರು ಅದರ ಹತ್ತಿರ ಬಂದಿದೆ, ಅಲ್ಲಿಗೆ ನಿಲ್ಲಬೇಕು. ಬಾನೆಟ್ಟಿನ ಮೂಲೆಗೆ ಕೆಂಪು ರಿಬ್ಬನ್ನನ್ನೂ ಕಟ್ಟಿದ್ದಳು.

"ಏನಿದು, ಮದುವೆ ದಿಬ್ಬಣದ ಕಾರಾ?" ಎಂದು ಜವಾದ್ ಅದನ್ನು ಕಿತ್ತು ಎಸೆದ. ಟೇಪು ಅವನ ಕಣ್ಣಿಗೆ ಬೀಳಲಿಲ್ಲ. ಆ ಚಳಿಗಾಲವೆಲ್ಲ ಕಾರಿಗೆ ಒಂದು ಗೀರೂ ಬೀಳಲಿಲ್ಲ.

ತಂದೆ ತೀರಿಹೋಗಿ ವರ್ಷ ತುಂಬಿದ ದಿನ ಮನೆಯಲ್ಲಿ ಫಾತಿಹಾ ಪ್ರಾರ್ಥನೆ ಇತ್ತು. ತಂದೆಯ ಹೆಸರಿನಲ್ಲಿ ಜವಾದ್ ಓಣಿಯಲ್ಲೊಂದು ಸಬೀಲು ಇಡಿಸಿದ್ದ. ಗೋಡೆಗೆ ತಣ್ಣೀರಿನ ನಲ್ಲಿಗಳು, ಅವುಗಳ ಕೆಳಗೆ ಬೆಕ್ಕು ಹಕ್ಕಿಗಳಿಗೂ ನೀರು ಸಿಗಲೆಂದು ಮೊಣಕಾಲೆತ್ತರದ ಹೆಂಚಿನ ತೊಟ್ಟಿ, ತೊಟ್ಟಿಯ ಮುಖದ ಮೇಲೆ ತಂದೆಯ ಹೆಸರು. ಮೊದಲು ಅದು ಓಣಿಯ ಒಳಮೂಲೆಯಲ್ಲಿತ್ತು. ನೆಂಟರು ತಿರುವಿನಲ್ಲೇ ಹೆಸರು ಓದಲಿ ಎಂದು ಹಿಂದಿನ ವಾರವಷ್ಟೇ ಜವಾದ್ ಎಲ್ಲವನ್ನೂ ತಿರುವಿಗೆ ತಂದು ಕೂರಿಸಿದ್ದ. "ಅಲ್ಲಿ ಕಾರು ತಿರುಗೋದು ಕಷ್ಟ," ಎಂದು ರಬಾಬ್ ಹೇಳಿದಾಗ, "ಅಪ್ಪನ ಹೆಸರಿಗಿಂತ ನಿನ್ನ ಕಾರು ಹೆಚ್ಚಾಯ್ತಾ?" ಎಂದಿದ್ದ.

ಅಂದು ಇಳಿಹೊತ್ತಿನ ಅಸರ್ ನಮಾಜಿನ ನಂತರ ರಬಾಬ್ ತಾಯಿಯನ್ನೂ ದೊಡ್ಡಮ್ಮನ ಮನೆಯಲ್ಲಿ ಬೇಯಿಸಿದ ಗೋಧಿ ಮಾಂಸದ ಹರೀಸಿನ ಹಂಡೆಯನ್ನೂ ಕೂರಿಸಿಕೊಂಡು ಬಂದಳು. ತಾಯಿ ಹಿಂದಿನ ಸೀಟಿನಲ್ಲಿ ಹಂಡೆ ಹಿಡಿದು ಕೂತಿದ್ದಳು. ತಿರುವಿನ ಎಡಕ್ಕೆ ಯಾರೋ ನೆಂಟರ ಪಿಕಪ್ ನಿಂತಿತ್ತು, ಬಲಕ್ಕೆ ಸಬೀಲು. ಗಂಡಸರೆಲ್ಲ ಒಳಗಿದ್ದರು. ಜವಾದ್ ಒಬ್ಬನೇ ಹೊರಗೆ ಬಂದು, ಪಿಕಪ್ಪಿನ ಪಕ್ಕ ನಿಂತು ಕೈ ಬೀಸತೊಡಗಿದ.

"ಬಾ... ಬಾ... ಬಾ... ಜಾಗ ಬೇಕಾದಷ್ಟಿದೆ, ಬಾ!"

ಅವನು ನೋಡುತ್ತಿದ್ದುದು ಪಿಕಪ್ಪಿನ ಕಡೆಯನ್ನು ಮಾತ್ರ. ತೊಟ್ಟಿಯ ಬುಡ ನೀಲಿ ಟೇಪನ್ನು ಮುಟ್ಟಿ ಮರೆಯಾಯಿತು. ರಬಾಬ್ ನಿಲ್ಲಿಸಿದಳು.

"ಯಾಕೆ ನಿಂತೆ?"

"ಬಲಗಡೆ ತೊಟ್ಟಿ ಇದೆ ಜವಾದ್. ಹಿಂದಕ್ಕೆ ಹೋಗಿ ಅಗಲವಾಗಿ ತಿರುಗಿಸ್ಬೇಕು."

"ತೊಟ್ಟಿ ಆಗ್ಲೇ ದಾಟಿ ಬಂದೆ. ಎಲ್ಲಿ ಕಾಣ್ತಿದೆ ಹೇಳು?"

"ಕಾಣ್ತಿಲ್ಲ. ಅದಕ್ಕೇ ನಿಂತಿರೋದು."

"ಕಾಣದೇ ಇರೋದಕ್ಕೆ ಹೆದರ್ಕೊಳ್ಳೋರು ಮನೇಲಿ ಕೂರ್ಬೇಕು. ಇಳಿ ಕೆಳಗೆ. ಹರೀಸು ಆರಿಹೋಗ್ತಿದೆ, ಒಳಗೆ ಜನ ಕಾಯ್ತಿದ್ದಾರೆ."

"ಒಂದ್ಸಲ ಈ ಕಡೆ ಬಂದು ನೋಡು, ಸಾಕು."

"ನಾನಿಟ್ಟ ಸಬೀಲು ಎಲ್ಲಿದೆ ಅಂತ ನೀನು ನನಗೆ ತೋರಿಸ್ತೀಯಾ? ಇಳಿ ಅಂದೆ."

"ಇಳೀ ಯುಮ್ಮಾ," ಎಂದಳು ತಾಯಿ ಹಿಂದಿನಿಂದ. ಮಕ್ಕಳನ್ನೂ ಅಮ್ಮಾ ಎಂದೇ ಕರೆಯುವ ಊರು ಅದು. "ಇವತ್ತೊಂದಿನ ಜಗಳ ಬೇಡ."

ರಬಾಬ್ ಇಳಿದಳು. ಜವಾದ್ ಹತ್ತಿ ಸೀಟನ್ನು ಪೂರ್ತಿ ಹಿಂದಕ್ಕೆ ದೂಡಿಕೊಂಡ. ಅವಳು ಕಾರನ್ನು ಸುತ್ತಿ ಬಲಗಡೆಗೆ ಬಂದು "ನಿಲ್ಸು, ನಿಲ್ಸು!" ಎಂದು ಕೂಗುವಷ್ಟರಲ್ಲಿ ಅವನು ಗಾಜಿನ ಹಿಂದೆ ಕೈ ಎತ್ತಿ ಗೊತ್ತು ಎಂಬಂತೆ ಆಡಿಸಿದ. ಹೆಂಚು ಒಡೆದ ಸದ್ದು ಮೊದಲು ಬಂತು, ಆಮೇಲೆ ನಲ್ಲಿಗಳು ಮುರಿದ ಸದ್ದು. ತಂದೆಯ ಹೆಸರಿನ ಹೆಂಚು ಎರಡು ತುಂಡಾಗಿ ಚಕ್ರದ ಮುಂದೆ ಬಿತ್ತು. ನೀರು ಓಣಿಯುದ್ದಕ್ಕೂ ಹರಿಯಿತು.

ಸದ್ದು ಕೇಳಿ ಗಂಡಸರು ಹೊರಗೆ ಬಂದರು. ಎಲ್ಲರಿಗಿಂತ ಮುಂದೆ ಬಂದವರು ಎದುರುಮನೆಯ ಹಿರಿಯರು ಹಜ್ಜಿ ತಾಹಿರ್. "ಅಯ್ಯೋ ದೇವ್ರೇ, ಯಾರು ಮಾಡಿದ್ದಿದು?" ಎಂದು ಕೇಳಿದರು.

ಜವಾದ್ ಸ್ಟೇರಿಂಗ್ ಹಿಡಿದೇ ಕೂತಿದ್ದ.

"ಹುಡುಗಿ, ಹಜ್ಜಿ," ಎಂದಳು ತಾಯಿ, ಹಂಡೆ ಬಿಡದೆ. "ಕೈ ತಪ್ಪಿ ಗುದ್ದಿಬಿಟ್ಳು. ಜವಾದ್ ಈಗ ಹತ್ತಿ ಹಿಂದಕ್ಕೆ ತೆಗೀತಿದ್ದಾನೆ."

ರಬಾಬ್ ತಾಯಿಯನ್ನು ನೋಡಿದಳು. ತಾಯಿ ಹಂಡೆಯ ಮುಚ್ಚಳವನ್ನು ನೋಡುತ್ತಿದ್ದಳು.

"ಹೋಗ್ಲಿ ಬಿಡಿ ಉಮ್ ಜವಾದ್," ಎಂದರು ತಾಹಿರ್, ತಾಯಿಯನ್ನು ಮಗನ ಹೆಸರಿನಿಂದ ಕರೆದು. "ಅಷ್ಟು ದೊಡ್ಡ ಬಾನೆಟ್ಟು, ಮುಂದಿನ ನೆಲ ಗಂಡಸ್ರಿಗೇ ಕಾಣಲ್ಲ. ಪಾಪ, ಹೆಂಗಸಿಗೆ ಹೇಗೆ ಕಾಣ್ಬೇಕು?"

"ಒಂಟೆ ಕೊಡಿಸಿದ್ರೆ ಆಗ್ತಿತ್ತು ಜವಾದ್," ಎಂದನೊಬ್ಬ. "ಅದಕ್ಕೆ ಅದರದೇ ಕಣ್ಣಿರುತ್ತೆ." ಎಲ್ಲರೂ ನಕ್ಕರು. ನಗುವಿನಲ್ಲಿ ಕೆಟ್ಟತನವಿರಲಿಲ್ಲ.

ಜವಾದ್ ಕಾರನ್ನು ಹಿಂದಕ್ಕೆ ತೆಗೆದು ಇಳಿದ. ಅವಳ ಕಾಲು ಪೆಡಲಿಗೆ ಎಟುಕದಷ್ಟು ಹಿಂದೆ ಸರಿದಿದ್ದ ಸೀಟು, ಬಾಗಿಲು ತೆರೆದೇ ಇದ್ದುದರಿಂದ, ಅಲ್ಲಿದ್ದ ಎಲ್ಲರಿಗೂ ಕಾಣುವಂತಿತ್ತು. ಸದ್ದಾಗಿ ತಾವು ಹೊರಬರುವಷ್ಟರಲ್ಲಿ ಅವನು ಹತ್ತಿ ಅದನ್ನು ದೂಡಿಕೊಂಡದ್ದು ಯಾವಾಗ ಎಂದು ಯಾರೂ ಕೇಳಲಿಲ್ಲ.

"ಒಂದು ಗೀರು ಅಂದಿದ್ದೆ ಅಲ್ವಾ," ಎಂದ ಜವಾದ್, ಅವಳ ಮುಖ ನೋಡದೆ. ಅಂದು ನಕ್ಕಿದ್ದ ಗಂಡಸರೇ ಸುತ್ತ ನಿಂತಿದ್ದರು. ಕೀಲಿಯನ್ನು ಜೇಬಿಗೆ ಹಾಕಿಕೊಂಡ.

ಜನ ಉಂಡು ಹೋದ ಮೇಲೆ ಅಡಿಗೆಮನೆಯಲ್ಲಿ ತಾಯಿ ಹೇಳಿದಳು: "ಅಪ್ಪನ ಸಬೀಲನ್ನ ಮಗನೇ ಒಡೆದ ಅಂತಾದ್ರೆ ಅವನು ಈ ಊರಲ್ಲಿ ತಲೆ ಎತ್ತೋದು ಹೇಗೆ ಯುಮ್ಮಾ? ನೀನಾದ್ರೆ ಹೆಂಗಸು, ಈಗಷ್ಟೇ ಕಲಿತವಳು. ಜನ ನಾಳೆ ಮರೀತಾರೆ."

"ನನ್ನ ಶಾಲೆ?"

"ಅವನೇ ಬಿಡ್ತಾನಂತೆ."

"ಎಷ್ಟು ದಿನ ಬಿಡ್ತಾನಮ್ಮಾ?"

ತಾಯಿ ಹಂಡೆ ತಿಕ್ಕತೊಡಗಿದಳು.

ಮರುದಿನ ಜವಾದ್ ತಡವಾಗಿ ಎದ್ದ. ರಬಾಬ್ ಪಕ್ಕದ ಸೀಟಿನಲ್ಲಿ ಕೂತಳು. ಗಾಜಿನ ಮೇಲೆ ನೀಲಿ ಟೇಪು ಇರಲಿಲ್ಲ, ಅಂಟಿನ ಗುರುತು ಮಾತ್ರ ಉಳಿದಿತ್ತು. ಹಳ್ಳಿಯ ಹತ್ತಿರ ರಸ್ತೆ ಎರಡು ತೋಟಗಳ ಗೋಡೆಗಳ ನಡುವೆ ಇಕ್ಕಟ್ಟಾಗುತ್ತದೆ. ಬಲಕ್ಕೆ ನೀರಿನ ಕಾಲುವೆ. ಎದುರಿನಿಂದ ಟ್ರ್ಯಾಕ್ಟರೊಂದು ಬಂತು. ಜವಾದ್ ಬ್ರೇಕ್ ಹಾಕಿದ. ಮುಂದಕ್ಕೆ ಬಾಗಿ, ಕತ್ತು ಚಾಚಿ ನೋಡಿದ.

"ರಬಾಬ್," ಎಂದ ಮೆಲ್ಲಗೆ. "ಆ ಕಡೆ ಜಾಗ ಇದೆಯಾ?"

ಅವಳು ಕಿಟಕಿಯಿಂದ ಹೊರಗೆ ನೋಡಿದಳು. ಕಾಲುವೆಯ ಅಂಚಿಗೂ ಚಕ್ರಕ್ಕೂ ನಡುವೆ ಒಬ್ಬರು ಆರಾಮಾಗಿ ನಡೆದುಹೋಗುವಷ್ಟು ಜಾಗವಿತ್ತು. ದಿನವೂ ಇಲ್ಲಿ ಅವಳು ನಿಲ್ಲದೆ ದಾಟುತ್ತಿದ್ದಳು.

"ನನಗೆ ಕಾಣ್ತಿಲ್ಲ," ಎಂದಳು.

ಟ್ರ್ಯಾಕ್ಟರಿನವನು ಹಾರ್ನ್ ಹೊಡೆಯತೊಡಗಿದ. ಜವಾದ್ ಗೇರು ಬದಲಿಸಿ, ಬಂದ ದಾರಿಯಲ್ಲೇ ಮುಖ್ಯರಸ್ತೆಯವರೆಗೂ ಹಿಂದೆ ಹಿಂದೆ ಸರಿಯುತ್ತ ಹೋದ. ತೋಟದಾಚೆ ಶಾಲೆಯ ಗಂಟೆ ಹೊಡೆಯಿತು. ಹಾಜರಾತಿ ತೆಗೆದುಕೊಳ್ಳುವ ಹೊತ್ತು ಅದು ಎಂದು ಅವಳಿಗೆ ಗೊತ್ತಿತ್ತು.