ಅಟ್ಟದ ಮೇಲಿನ ಬೀಗದ ಕೈ

ತಿಪಟೂರಿನ ಮೊಬೈಲ್ ರಿಪೇರಿ ಅಂಗಡಿಯ ಬಾಗಿಲು ತೆಗೆಯುವಷ್ಟರಲ್ಲಿ ದಯಾನಂದನಿಗೆ ತನ್ನೂರು ಬಿಳಿಗೆರೆಯಿಂದ ಫೋನು ಬಂತು. ಈ ವಾರವೆಲ್ಲ ಇದೇ ಪಾಡು. ಅಲ್ಲಿನ ಡಾಕ್ಟರ್ ಶಾಂತಕುಮಾರಿಯವರ ಕ್ಲಿನಿಕ್ಕಿನ ಕಂಪ್ಯೂಟರ್ ತಾನಾಗಿ ತೆರೆದುಕೊಳ್ಳುತ್ತಿರಲಿಲ್ಲ. ಅವನೇ ಹೋಗಿ, ಯಾರಿಗೂ ಕಾಣದ ಹಾಗೆ ಉದ್ದನೆಯ ಪಾಸ್‌ವರ್ಡು ಒತ್ತಬೇಕು. ಗೊಣಗುತ್ತ ಸ್ಕೂಟರ್ ತಿರುಗಿಸಿದ.

"ಇವತ್ತೇ ಕೊನೆ ದಯಾನಂದ," ಅವನು ಹೆಲ್ಮೆಟ್ ತೆಗೆಯುವ ಮೊದಲೇ ಡಾಕ್ಟರು ಹೇಳಿದರು. "ಹೊರಗಡೆ ಜನ ಕೂತು ಬೈತಿದ್ದಾರೆ. ಸಂಜೆಯೊಳಗೆ ಸರಿಹೋಗಲಿಲ್ಲ ಅಂದ್ರೆ ಬೇರೆಯವರನ್ನ ಕರೆಸಿ ಆ ಬೀಗಾನೇ ತೆಗೆಸಿಬಿಡ್ತೀನಿ."

"ಆ ಪಾಸ್‌ವರ್ಡು ನಮಗೇ ಕೊಟ್ಬುಡು, ನಾವೇ ಒತ್ಕೋತೀವಿ," ಎಂದ ಕಾಂಪೌಂಡರ್ ಈರಣ್ಣ, ಮಾತ್ರೆ ಕತ್ತರಿಸುತ್ತ.

"ಕೊಟ್ರೆ ಎಲ್ಲಿ ಬರೀತೀಯಣ್ಣ? ಹೋದ್ಸಲ ಕ್ಯಾಲೆಂಡರ್ ಆಯ್ತು. ಈ ಸಲ ಗೋಡೆಗೆ ಸುಣ್ಣದಲ್ಲಿ ಬರೀತೀಯಾ?"

ಈರಣ್ಣ ಕತ್ತರಿ ಕೆಳಗಿಟ್ಟ.

ಕ್ಯಾಲೆಂಡರಿನ ಮೇಲಿದ್ದ ಹಳೆಯ ಪಾಸ್‌ವರ್ಡು ನೋಡಿ ಯಾರೋ ಕಂಪ್ಯೂಟರ್ ತೆರೆದಿದ್ದರು. ದಯಾನಂದನ ತಂಗಿ ತನುಶ್ರೀ ಫಿಟ್ಸಿಗೆ ಮಾತ್ರೆ ನುಂಗುವ ಸಂಗತಿ ಗಂಡಿನ ಮನೆ ಮುಟ್ಟಿತ್ತು. ಒಪ್ಪಿದ್ದ ಸಂಬಂಧ ಮುರಿಯಿತು. ಅದು ಹಾಳಾಗಿ ಹೋಗಲಿ, ಆವತ್ತಿನಿಂದ ಅವಳು ಈ ಕ್ಲಿನಿಕ್ಕಿನ ಮೆಟ್ಟಿಲು ಹತ್ತಿಲ್ಲ. ತಾನೇ ಏನೋ ಕದ್ದವಳ ಹಾಗೆ ತಲೆ ತಗ್ಗಿಸಿಕೊಂಡು, ಮಾತ್ರೆಗೆ ಬಸ್ಸಿನಲ್ಲಿ ತುರುವೇಕೆರೆಗೆ ಹೋಗುತ್ತಾಳೆ.

ಪಿಯುಸಿ ಅರ್ಧಕ್ಕೇ ಬಿಟ್ಟು, ಮೊಬೈಲ್ ರಿಪೇರಿ ಮಾಡುತ್ತಲೇ ಪ್ರೋಗ್ರಾಮಿಂಗ್ ಕಲಿತ ದಯಾನಂದ ಆ ಸಿಟ್ಟಿನಲ್ಲೇ ಹೊಸ ಏರ್ಪಾಟು ಮಾಡಿದ್ದ. ಡಿಸ್ಕಿಗೆ ಪೂರ್ತಿ ಎನ್‌ಕ್ರಿಪ್ಷನ್ ಬೀಗ. ಬೀಗದ ಕೈ ಮಾತ್ರ ಕ್ಲಿನಿಕ್ಕಿನಲ್ಲಿ ಇಲ್ಲ. ಎದುರುಮನೆ ಪುಟ್ಟಗೌರಮ್ಮನ ಅಟ್ಟದ ಮೇಲೆ, ಅಂಗೈಯಗಲದ ಎಲೆಕ್ಟ್ರಾನಿಕ್ ಡಬ್ಬಿಯಲ್ಲಿದೆ. ಬೆಳಿಗ್ಗೆ ಕಂಪ್ಯೂಟರ್ ವೈಫೈಯಲ್ಲಿ ಆ ಡಬ್ಬಿಯನ್ನು ಕೂಗಬೇಕು, ಡಬ್ಬಿ ಓಗೊಡಬೇಕು, ಆಗಲೇ ಡಿಸ್ಕು ತೆರೆಯುವುದು. ಅದರ ಮೇಲೆ, ರೋಗಿಗಳ ವಿವರ ತೆರೆಯಲು ಡಾಕ್ಟರ ಬೆರಳಚ್ಚೇ ಬೇಕು. ಕಳ್ಳ ಕಂಪ್ಯೂಟರನ್ನೇ ಹೊತ್ತೊಯ್ದರೂ ಸಿಗುವುದು ಬರೀ ತಗಡು.

ಈಗ ಡಬ್ಬಿ ಓಗೊಡುತ್ತಿರಲಿಲ್ಲ, ಅದಕ್ಕೇ ದಿನವೂ ಪಾಸ್‌ವರ್ಡು ಒತ್ತುವ ಪಾಡು. ಇಂಟರ್‌ನೆಟ್ಟಿನಲ್ಲಿ ಬಲ್ಲವರನ್ನು ಕೇಳಿದ್ದ. ಬೀಗ ಗಟ್ಟಿಯಾಗಿದೆ ಎಂದರು. ವೈಫೈ ಚಾನೆಲ್ ಬದಲಿಸು, ನಡುವೆ ಏನಾದರೂ ಅಡ್ಡ ಬಂದಿದೆಯೇ ನೋಡು ಎಂದರು. ಚಾನೆಲ್ ಬದಲಿಸಿದ, ಅಡಾಪ್ಟರ್ ಬದಲಿಸಿದ, ಉಪಯೋಗವಾಗಲಿಲ್ಲ. ಯಾರೋ ಬೇಕೆಂದೇ ಕೈಯಾಡಿಸುತ್ತಿದ್ದಾರೆ ಎಂದುಕೊಂಡು ರಸ್ತೆ ದಾಟಿದ.

"ಅಜ್ಜೀ, ಈರಣ್ಣ ಏನಾದ್ರೂ ನಿನ್ ಅಟ್ಟ ಹತ್ತಿದ್ನಾ?"

"ಆ ಹೊಟ್ಟೆ ಇಟ್ಕೊಂಡು ಅವನು ಏಣಿ ಹತ್ತಾನಾ?" ಪುಟ್ಟಗೌರಮ್ಮ ನಕ್ಕಳು. "ಯಾರೂ ಬಂದಿಲ್ಲ ಕಣ್ಲಾ. ಹೊಸ ಕಾಯಿ ಏರಿಸಿದ್ವಿ, ಅಷ್ಟೇಯ. ನಿನ್ ಡಬ್ಬಿ ಮುಟ್ಟಿಲ್ಲ."

ಕಾಯಿಯ ಮೇಲೆ ಅವನಿಗೆ ಅನುಮಾನವೇ ಇರಲಿಲ್ಲ. ಡಬ್ಬಿ ಕೂರಿಸಿದ ದಿನವೂ ಅಟ್ಟದ ತುಂಬ ಕಾಯಿ ಇತ್ತು, ಆಗ ಎಲ್ಲ ಸರಿಯಿತ್ತು. ಕೊಬ್ಬರಿಗೆಂದು ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದಲ್ಲಿ ಒಣಗಿಸುವ ಊರಿನಲ್ಲಿ ಹುಟ್ಟಿದವನಿಗೆ ಕಾಯಿಯ ರಾಶಿ ಕಣ್ಣಿಗೇ ಬೀಳುವುದಿಲ್ಲ, ಮನೆಯ ಕಂಬದ ಹಾಗೆ.

ಅಟ್ಟ ಹತ್ತಿ, ರಾಶಿಯ ಈಚೆ ಬದಿಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿ ಡಬ್ಬಿ ಓಗೊಡುತ್ತದೆಯೇ ನೋಡಲು ಪಿಂಗ್ ಕಳಿಸಿದ. ಕಳಿಸಿದ್ದರಲ್ಲಿ ಮುಕ್ಕಾಲು ಪಾಲು ಹೋದದ್ದೇ ಹೋದದ್ದು, ಉತ್ತರವಿಲ್ಲ. ಸಿಟ್ಟಿಗೆ ಕೈಗೆ ಸಿಕ್ಕ ಕಾಯಿಯನ್ನೆತ್ತಿ ಮೂಲೆಗೆ ಎಸೆದ.

"ಲೇ ಮೂದೇವಿ! ಬಿರಿದ್ರೆ ಕೊಳ್ತೋಯ್ತದೆ, ಕೊಬ್ಬರಿ ನಿಮ್ಮಪ್ಪ ಕೊಡ್ತಾನಾ?" ಹಿಂದೆಯೇ ಏಣಿ ಹತ್ತಿ ಬಂದಿದ್ದ ಅಜ್ಜಿ ಕಾಯಿಯನ್ನೆತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದಳು. "ಸದ್ಯ, ಬಿರಿದಿಲ್ಲ. ಕೇಳು, ನೀರು ಕುಳುಕುಳು ಅಂತೈತೆ. ಇದು ಒಣಗಿ ಗಡಗಡ ಅನ್ನಕ್ಕೆ ಮುಂದಿನ ವರ್ಷವೇ."

ದಯಾನಂದ ಅವಳ ಕೈಯನ್ನೇ ನೋಡಿದ. "ಅಜ್ಜೀ, ನಾನು ಡಬ್ಬಿ ಇಟ್ಟಾಗ ಇದ್ವಲ್ಲ, ಆ ಕಾಯಿ?"

"ಅವೆಲ್ಲ ಒಣಗಿ ಸುಲಿಯಕ್ಕೆ ಬಂದಿದ್ವು ಕಣಪ್ಪ. ಒಂದರಲ್ಲೂ ತೊಟ್ಟು ನೀರಿರ್ಲಿಲ್ಲ."

ನೀರು! ನೀರು ವೈಫೈಯನ್ನು ಕುಡಿದುಬಿಡುತ್ತದೆ ಎಂದು ಅವನೇ ಎಲ್ಲೋ ಓದಿದ್ದ. ಇಷ್ಟು ದಿನ ಕಣ್ಣೆದುರು ಇದ್ದದ್ದು ಕಾಯಿಯ ರಾಶಿಯಲ್ಲ, ಒಂದು ಕೆರೆ. ಅದರ ಹಿಂದೆ ಮುಳುಗಿ ಕೂತ ಡಬ್ಬಿಯನ್ನು ಕಿತ್ತು, ಸೂರಿನ ತೊಲೆಗೆ, ರಾಶಿಗಿಂತ ಮೊಳ ಮೇಲಕ್ಕೆ ಮೊಳೆ ಹೊಡೆದು ಕೂರಿಸಿದ. ಮತ್ತೆ ಪಿಂಗ್ ಕಳಿಸಿದ. ಒಂದೂ ತಪ್ಪದೆ ಉತ್ತರ ಬಂತು.

"ಏನ್ಲಾ, ಹಲ್ಲು ಕಿರೀತಿದೀಯಾ?"

"ನಿನ್ ಕಾಯಿ ಸರಿಯಾಗವೆ ಅಜ್ಜಿ. ನನ್ ತಲೇನೇ ಒಣಗಿತ್ತು."

ಕ್ಲಿನಿಕ್ಕಿನಲ್ಲಿ ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಿದ. ಡಾಕ್ಟರು ಕೈಕಟ್ಟಿ ನಿಂತರು. ಕೀಲಿಮಣೆಯನ್ನು ಯಾರೂ ಮುಟ್ಟಲಿಲ್ಲ. ಪರದೆ ಒಂದು ಕ್ಷಣ ಕಪ್ಪಾಗಿದ್ದು, ಡಾಕ್ಟರ ಬೆರಳಚ್ಚು ಕೇಳಿತು.

"ನಾಳೆ ಇನ್ನೇನೋ ಅಡ್ಡ ಬಂದರೆ?"

"ಇನ್ನೊಂದು ಡಬ್ಬಿ ಇಲ್ಲೇ ಹಿಂದಿರೋ ನಮ್ಮನೇಲೇ ಇಡ್ತೀನಿ ಮೇಡಂ. ಒಂದು ಸತ್ರೆ ಇನ್ನೊಂದು ಓಗೊಡ್ತದೆ."

ಡಾಕ್ಟರು ಬೆರಳೊತ್ತಿದರು. "ಹಾಗಾದ್ರೆ ಬೀಗ ಇರಲಿ."

"ಈರಣ್ಣ," ದಯಾನಂದ ತಿರುಗಿದ, "ಕ್ಯಾಲೆಂಡರ್ ನಿಂದೇ ತಪ್ಪು. ಈ ವಾರದ್ದು ನಿಂದಲ್ಲ. ಸುಮ್ನೆ ಅನುಮಾನಪಟ್ಟೆ."

"ಬುಡ್ಲಾ. ನಂಗೂ ಒಂದು ತಂಗಿ ಅವ್ಳೆ," ಎಂದ ಈರಣ್ಣ ಮುಖ ಎತ್ತದೆ.

ಹೊರಗೆ ಬಂದು ತನುಶ್ರೀಗೆ ಫೋನು ಮಾಡಿದ. "ಬೀಗ ಉಳ್ಕೊಂತು ಕಣೇ."

ಅವಳು ಒಂದೇ ಮಾತು ಕೇಳಿದಳು.

"ಡಾಕ್ಟ್ರು ಬಿಟ್ರೆ ಯಾರೂ ನೋಡಕ್ಕಾಗಲ್ಲ ತಾನೆ?"

"ಯಾರೂ ಆಗಲ್ಲ. ನಾನೂ ಸೇರಿ."

"ಸರಿ ಬುಡಣ್ಣ. ನಾಳೆ ಬಸ್ಸು ಬ್ಯಾಡ, ಅಲ್ಲಿಗೇ ಬತ್ತೀನಿ."