ಮೇಣದ ವಸಡು

"ಗಟ್ಟಿಯಾಗಿ ಒತ್ತಿ ಡಾಕ್ಟ್ರಮ್ಮ. ಅವರಿಗಿನ್ನೇನು ನೋಯುತ್ತೆ," ಅಂದರು ಮೇಷ್ಟ್ರ ಹೆಂಡತಿ.

ಅವಳು ಹೆಬ್ಬೆರಳು ಊರಿ ಒತ್ತಿದಳು. ಹಲ್ಲುಸೆಟ್ಟು ಕೊನೆಗೂ ಕೂತು, ಬೊಚ್ಚುಬಾಯಿ ತುಂಬಿಕೊಂಡು, ಸತ್ತವರು ಮತ್ತೆ ಹಲ್ಲು ಮೇಷ್ಟ್ರಾದರು.

"ಜೀವಮಾನವಿಡೀ ಹಲ್ಲು ನೆಟ್ಟ ನಮ್ಮಣ್ಣ. ತನ್ನ ಬಾಯಲ್ಲಿ ಒಂದೂ ಉಳಿಸಿಕೊಳ್ಳಲಿಲ್ಲ," ಅಂದ ತಮ್ಮ. ಒಂದಿಬ್ಬರು ನಕ್ಕು, ಸಾವಿನ ಮನೆ ಅಂತ ನೆನಪಾಗಿ ಸುಮ್ಮನಾದರು.

"ನೀವು ಬಂದಿರಲ್ಲ, ಸಾಕು," ಹೆಂಡತಿ ಅವಳ ಕೈ ಹಿಡಿದರು. "ಬಾಯಿ ತೆರೆದರೆ ಅವರಿಗೆ ನಿಮ್ಮ ಮಾತೇ."

* * *

ಮೇಷ್ಟ್ರು ಅನ್ನುವುದು ವಿದ್ಯಾರ್ಥಿಗಳಿಟ್ಟ ಹೆಸರು. ದಂತ ಕಾಲೇಜಿನ ಪ್ರಯೋಗಾಲಯದಲ್ಲಿ ಅವರ ಕೆಲಸ ಕೃತಕ ದವಡೆ ಮಾಡುವುದು. ಮೇಣದ ವಸಡು, ಅದರಲ್ಲಿ ನೆಟ್ಟ ಹಲ್ಲು. ತಂತಿ, ಸ್ಪ್ರಿಂಗು ಬಿಗಿದು ಬಿಸಿನೀರಲ್ಲಿ ಮುಳುಗಿಸಿದರೆ ಮೇಣ ಮೆತ್ತಗಾಗಿ ಹಲ್ಲು ಮೆಲ್ಲಗೆ ಸರಿಯುತ್ತಿತ್ತು. ಎಷ್ಟು ಎಳೆದರೆ ಎಷ್ಟು ಸರಿಯುತ್ತದೆ ಅಂತ ಅಳೆಯುವುದು ಆಗ ಅಲ್ಲಿ ಓದುತ್ತಿದ್ದ ಅವಳ ಕೊನೆಯ ವರ್ಷದ ಪ್ರಯೋಗ.

ಕೋರೆಹಲ್ಲು ಮೂರು ಮಿಲಿಮೀಟರ್ ಸರಿಯಬೇಕಿತ್ತು. ಜಪ್ಪಯ್ಯ ಅಂದರೂ ಒಂದು ದಾಟಲಿಲ್ಲ. ಯಾರೂ ಇಲ್ಲದ್ದು ನೋಡಿ ಹೆಬ್ಬೆರಳಿನಿಂದ ತಳ್ಳಿಬಿಟ್ಟಳು. ಮೆತ್ತಗಿದ್ದ ಮೇಣವೂ ತಗ್ಗಿತು.

"ಇದೇನು ತಗ್ಗು?" ಪರೀಕ್ಷಕರು ಕೇಳಿದರು.

"ಮೇಷ್ಟ್ರು ಮೇಣದ ಹದ ಕೆಡಿಸಿದ್ದಾರೆ ಸಾರ್. ತಾನಾಗೇ ಕುಸಿದಿದೆ."

ಮೇಷ್ಟ್ರು ಅಲ್ಲೇ ನಿಂತಿದ್ದರು. ತಗ್ಗನ್ನು ನೋಡಿದರು, ಅವಳನ್ನು ನೋಡಿದರು. "ಹೌದು ಸಾರ್. ಕೈ ತಪ್ಪಿತು," ಅಂದರು.

ಅವಳಿಗೆ ಇನ್ನೊಂದು ಅವಕಾಶ ಸಿಕ್ಕಿತು, ಪದವಿಯೂ ಸಿಕ್ಕಿತು. ಮೇಷ್ಟ್ರನ್ನು ಉಗ್ರಾಣಕ್ಕೆ ಹಾಕಿದರು. ಹನ್ನೊಂದು ವರ್ಷ ಅಲ್ಲೇ ಕೈಗವಸಿನ ಡಬ್ಬ ಜೋಡಿಸುತ್ತ ನಿವೃತ್ತರಾದರು. ಅದೇ ಕಾಲೇಜಿನಲ್ಲಿ ಪಾಠ ಮಾಡತೊಡಗಿದ ಅವಳು ಉಗ್ರಾಣದ ಮುಂದೆ ಹಾಯುವುದನ್ನೇ ಬಿಟ್ಟಳು. ನಾಳೆ ಹೋಗಿ ನಿಜ ಹೇಳಿಬಿಡುತ್ತೇನೆ ಅಂದುಕೊಂಡ ದಿನಗಳೂ ಇದ್ದವು, ಹೋಗಲಿಲ್ಲ.

* * *

ಹೆಂಡತಿ ಕಪಾಟಿನಿಂದ ಬಟ್ಟೆ ಸುತ್ತಿದ ಗಂಟು ತಂದು ಬಿಚ್ಚಿದರು. ಅದೇ ದವಡೆ.

"ಅವರ ಕೈ ತಪ್ಪಿದ್ದು ಇದೊಂದೇ ಸಲ ಅಂತೆ. ಅದಕ್ಕೇ ಮರ್ಯಾದೆ ಹೋಯ್ತು. ಎಸೀರಿ ಅಂದ್ರೆ ಕೇಳ್ತಿರಲಿಲ್ಲ. ಧೂಳು ಒರೆಸೋಕೂ ಬಿಡ್ತಿರಲಿಲ್ಲ, ಈ ಗುರುತು ಅಳಿಸುತ್ತೆ ಅಂತ."

ಕೋರೆಹಲ್ಲಿನ ಪಕ್ಕ ಮೇಣದಲ್ಲಿ ಬೆರಳಿನ ಗೆರೆಗಳು ಒಂದೂ ಮಾಸಿರಲಿಲ್ಲ. ಅವಳಿಗೆ ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೆ ಅನಿಸಿತು. ಈಗ ಹೇಳದಿದ್ದರೆ ಇನ್ನೆಂದೂ ಇಲ್ಲ.

"ಅಮ್ಮಾ..." ಅಂದಳು.

"ಅತ್ತಿಗೆ, ಗಾಡಿ ಬಂತು," ಬಾಗಿಲಲ್ಲಿ ತಮ್ಮ ನಿಂತಿದ್ದ.

"ಬಂದೆ." ಅವರು ದವಡೆಯನ್ನು ಬೆಳಕಿಗೆ ಹಿಡಿದರು. "ಅವರ ಬೆರಳು ಇಷ್ಟು ಸಣ್ಣದಲ್ಲ. ಯಾರದ್ದಿರಬಹುದು ಡಾಕ್ಟ್ರಮ್ಮ?"

ಅವಳ ಹೆಬ್ಬೆರಳಿನ ತುದಿಯಲ್ಲಿ ಮೇಷ್ಟ್ರ ಹಲ್ಲು ಊರಿದ ಗುರುತು ಇನ್ನೂ ಕೆಂಪಗಿತ್ತು. ಅದನ್ನು ಮುಷ್ಟಿಯೊಳಗೆ ಮಡಚಿ, ಸೆರಗಿನಡಿ ಇಟ್ಟುಕೊಂಡಳು.